ಹೊಸ ಪ್ರೊಸೆಸರ್‌ಗೆ ಕಾಯ್ತಿದೀರಾ? ಮೊದಲು ಮದರ್‌ಬೋರ್ಡ್ ಲೆಕ್ಕ ಹಾಕಿ

ಹೊಸ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್ ಬರುತ್ತಂತೆ ಅನ್ನೋ ಸುದ್ದಿ ಎದ್ದ ತಕ್ಷಣ ಎಲ್ಲರ ಕಣ್ಣು ಹೋಗೋದು ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು, ಹಳೇದಕ್ಕಿಂತ ನೂರಕ್ಕೆ ಎಷ್ಟು ಸ್ಪೀಡ್ ಜಾಸ್ತಿ ಅನ್ನೋದ್ರ ಮೇಲೆ. ನನ್ನ ಪ್ರಕಾರ ಕಾಯ್ತಾ ಇರೋರು ಮೊದಲು ನೋಡ್ಬೇಕಾದ್ದು ಆ ಪ್ರೊಸೆಸರ್ ಯಾವ ಬೋರ್ಡ್ ಮೇಲೆ ಕೂರುತ್ತೆ, ಆ ಬೋರ್ಡ್ ಇನ್ನೆಷ್ಟು ವರ್ಷ ನಮ್ಮ ಜೊತೆ ಬರುತ್ತೆ ಅನ್ನೋದನ್ನ. ಪ್ರೊಸೆಸರ್ ಒಂದನ್ನೇ ಬದಲಾಯಿಸೋದಾದ್ರೆ ಕೂಲರ್ ಬಿಚ್ಚಿ, ಮಧ್ಯೆ ಹಚ್ಚಿರೋ ಹಳೇ ಥರ್ಮಲ್ ಪೇಸ್ಟ್ ಒರೆಸಿ, ಹೊಸದು ಕೂರಿಸಿದ್ರೆ ಆಯ್ತು. ಬೋರ್ಡ್ ಬದಲಾಯಿಸ್ಬೇಕು ಅಂದ್ರೆ ಇಡೀ ಕ್ಯಾಬಿನೆಟ್ ಖಾಲಿ ಮಾಡ್ಬೇಕು, ಎಷ್ಟೋ ಸಲ ರ‍್ಯಾಮ್ ಹೊಸದು ಬೇಕು, ಕೂಲರ್‌ಗೆ ಬೇರೆ ಬ್ರಾಕೆಟ್ ಬೇಕು, ವಿಂಡೋಸ್ ಆಕ್ಟಿವೇಶನ್ ಮತ್ತೆ ನೋಡ್ಬೇಕು. ಅಪ್‌ಗ್ರೇಡ್ ಖರ್ಚು ಏರೋದು ಇಲ್ಲೇ, ಅದಕ್ಕೇ ಲಾಂಚ್ ಆಗೋಕೆ ಇನ್ನೂ ಟೈಮ್ ಇರೋವಾಗ್ಲೇ ಏನೇನು ನೋಡಿಟ್ಕೋಬೇಕು ಅಂತ ಒಂದು ಕಡೆಯಿಂದ ಬರೀತೀನಿ.

ಸಾಕೆಟ್ ಒಂದೇ ಆದ್ರೆ ಸಾಲದು

ತುಂಬಾ ಜನ ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರೋ ಜಾಗ) ಹೆಸರು ನೋಡಿ ಅಲ್ಲಿಗೇ ನಿಲ್ಲಿಸ್ತಾರೆ, ಅದು ಸಾಲದು. ಸಾಕೆಟ್, ಚಿಪ್‌ಸೆಟ್ (ಬೋರ್ಡ್‌ನ ಪೋರ್ಟ್, ಸ್ಲಾಟ್ ನೋಡ್ಕೊಳ್ಳೋ ಚಿಪ್), ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡೋ ಬೋರ್ಡ್‌ನ ಸಾಫ್ಟ್‌ವೇರ್) ಮೂರೂ ಕೂಡಿ ಬಂದಾಗ ಮಾತ್ರ ಪ್ರೊಸೆಸರ್ ಆನ್ ಆಗೋದು. ಇಂಟೆಲ್‌ನ ಎಲ್‌ಜಿಎ 1151 ಇದಕ್ಕೆ ಒಳ್ಳೇ ಉದಾಹರಣೆ. 2015ರಲ್ಲಿ ಸ್ಕೈಲೇಕ್ ಪ್ರೊಸೆಸರ್‌ಗಳ ಜೊತೆ ಬಂದ ಸಾಕೆಟ್ ಅದು, 2017ರ ಅಕ್ಟೋಬರ್‌ನಲ್ಲಿ 8ನೇ ಜನರೇಶನ್ ಕಾಫಿ ಲೇಕ್ ಬಂದಾಗ ಸಾಕೆಟ್ ಹೆಸರು ಅದೇ, ಪಿನ್ ಸಂಖ್ಯೆ ಅದೇ, ಆದ್ರೆ ಪಿನ್‌ಗಳ ಒಳಗಿನ ಹಂಚಿಕೆ ಬದಲಾಗಿತ್ತು, 100 ಮತ್ತು 200 ಸರಣಿ ಬೋರ್ಡ್‌ಗಳಿಗೆ ಅದು ಅಧಿಕೃತವಾಗಿ ನಡೀಲೇ ಇಲ್ಲ, 300 ಸರಣಿ ಬೋರ್ಡ್ ಹೊಸದಾಗಿ ತಗೋಳ್ಲೇಬೇಕಾಯ್ತು. 2021ರಲ್ಲಿ 11ನೇ ಜನರೇಶನ್ ಬಂದಾಗ್ಲೂ ಇದೇ ಕಥೆ, ಎಲ್‌ಜಿಎ 1200 ಸಾಕೆಟ್ಟೇ, ಝಡ್490 ಬೋರ್ಡ್ ಇದ್ದೋರಿಗೆ ಬಯಾಸ್ ಅಪ್‌ಡೇಟ್ ಸಾಕಾಯ್ತು, ಆದ್ರೆ ಎಚ್410 ಮತ್ತು ಬಿ460 ತಗೊಂಡಿದ್ದೋರಿಗೆ ಸಪೋರ್ಟ್ ಸಿಗ್ಲಿಲ್ಲ. ಒಂದೇ ವರ್ಷ ಒಂದೇ ಸರಣಿಯಲ್ಲಿ ಬಂದ ಬೋರ್ಡ್‌ಗಳು, ಚಿಪ್‌ಸೆಟ್ ಮಾತ್ರ ಬೇರೆ.

ಎಎಂಡಿಯ ಎಎಂ4 ಸಾಕೆಟ್ ಇದರ ಪೂರ್ತಿ ಉಲ್ಟಾ. 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಹಾಕೋಕೆ ಅಂತ ಬಿ350 ಬೋರ್ಡ್ ತಗೊಂಡವರು 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯನ್ನ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡ್ ಮೇಲೆ ಕೂರಿಸಿದ್ರು, ರ‍್ಯಾಮ್ ಕೂಡ ಅದೇ ಡಿಡಿಆರ್4. ಆದ್ರೆ ಅದೂ ಸುಲಭವಾಗಿ ಆಗಿದ್ದಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಬಿ450 ಮತ್ತು ಎಕ್ಸ್470 ಬೋರ್ಡ್‌ಗಳಿಗೆ ಝೆನ್ 3 (ರೈಜನ್ 5000 ಪ್ರೊಸೆಸರ್‌ಗಳ ಡಿಸೈನ್) ಸಪೋರ್ಟ್ ಇರಲ್ಲ ಅಂದಿತ್ತು, ಜನ ಜೋರಾಗಿ ಗಲಾಟೆ ಮಾಡಿದ್ಮೇಲೆ ಅದೇ ತಿಂಗಳು ನಿರ್ಧಾರ ಬದಲಾಯ್ಸಿತು. ಎಎಂಡಿ ಆಗ ಕೊಟ್ಟ ಕಾರಣ ಬಯಾಸ್ ಚಿಪ್ ಸೈಜು. ಹಳೇ ಬೋರ್ಡ್‌ಗಳಲ್ಲಿ ಇದ್ದಿದ್ದು 16 ಎಂಬಿ ಚಿಪ್, ಅಷ್ಟೊಂದು ಪ್ರೊಸೆಸರ್‌ಗಳ ಕೋಡ್ ಅದರಲ್ಲಿ ಹಿಡಿಸಲ್ಲ, ಹಾಗಾಗಿ ಕೆಲವು ಬೋರ್ಡ್‌ಗಳಲ್ಲಿ ಹೊಸ ಪ್ರೊಸೆಸರ್ ಸೇರಿಸ್ತಾ ಹಳೇ ಪ್ರೊಸೆಸರ್‌ಗಳ ಸಪೋರ್ಟ್ ತೆಗೆದುಹಾಕಿದ್ರು. ಅದಕ್ಕೇ ಈಗ ಬೋರ್ಡ್ ಆರಿಸೋವಾಗ ಸ್ಪೆಕ್ ಪಟ್ಟಿಯಲ್ಲಿ ಬಯಾಸ್ ಫ್ಲ್ಯಾಶ್ ಚಿಪ್ 256 ಮೆಗಾಬಿಟ್ ಅಂದ್ರೆ 32 ಎಂಬಿಯೋ, 512 ಮೆಗಾಬಿಟ್ ಅಂದ್ರೆ 64 ಎಂಬಿಯೋ ಅಂತ ಒಂದು ಸಲ ನೋಡಿ. ಎರಡು ಬೋರ್ಡ್ ಮಿಕ್ಕಿದ್ದೆಲ್ಲದ್ರಲ್ಲಿ ಸಮ ಇದ್ದು ಯಾವ್ದು ತಗೋಳ್ಲಿ ಅಂತ ಗೊತ್ತಾಗ್ದಿದ್ರೆ ದೊಡ್ಡ ಚಿಪ್ ಇರೋದೇ ತಗೊಳ್ಳಿ.

ಇನ್ನು ಈಗಿನ ಪರಿಸ್ಥಿತಿ. ಎಎಂ5 ಸಾಕೆಟ್ 2022ರ ಸೆಪ್ಟೆಂಬರ್‌ನಲ್ಲಿ ರೈಜನ್ 7000 ಜೊತೆ ಬಂತು, 2024ರಲ್ಲಿ ರೈಜನ್ 9000 ಅದೇ ಬೋರ್ಡ್‌ಗಳ ಮೇಲೆ ಕೂತ್ಕೊಂಡ್ತು, 2027 ಮತ್ತು ಅದಕ್ಕೂ ಮುಂದೆ ಈ ಸಾಕೆಟ್‌ಗೆ ಸಪೋರ್ಟ್ ಇರುತ್ತೆ ಅಂತ ಎಎಂಡಿ ಬಹಿರಂಗವಾಗೇ ಹೇಳಿದೆ. ಇಂಟೆಲ್ ಕಡೆ ಎಲ್‌ಜಿಎ 1700 ಸಾಕೆಟ್ 2021ರಿಂದ 2023ರವರೆಗೆ 12, 13, 14 ಮೂರು ಜನರೇಶನ್ ನೋಡ್ತು, 2024ರ ಅಕ್ಟೋಬರ್‌ನಲ್ಲಿ ಕೋರ್ ಅಲ್ಟ್ರಾ 200 ಸರಣಿ ಜೊತೆ ಎಲ್‌ಜಿಎ 1851 ಬಂದು ಹಳೇ ಬೋರ್ಡ್‌ಗಳೆಲ್ಲ ಪಕ್ಕಕ್ಕೆ ಹೋದ್ವು. ಅದಕ್ಕೇ ಇಂಟೆಲ್ ತಗೋಳೋರು ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಒಂದೇ ಜೋಡಿ ಅಂತ ಲೆಕ್ಕ ಹಾಕ್ಕೊಂಡು ತಗೋಬೇಕು, ಮುಂದೆ ಅದೇ ಸಾಕೆಟ್‌ಗೆ ಇನ್ನೊಂದು ಪ್ರೊಸೆಸರ್ ಬಂದ್ರೆ ಅದು ಬೋನಸ್. ಎಎಂಡಿ ತಗೋಳೋರು ಈವತ್ತು ಬೋರ್ಡ್ ಮೇಲೆ ಸ್ವಲ್ಪ ಜಾಸ್ತಿ ಹಾಕಿ, ಪ್ರೊಸೆಸರ್ ಕಡಿಮೆದು ತಗೊಂಡು, ಮುಂದಿನ ಜನರೇಶನ್‌ನಲ್ಲಿ ಪ್ರೊಸೆಸರ್ ಮಾತ್ರ ಬದಲಾಯಿಸೋ ಪ್ಲ್ಯಾನ್ ಮಾಡ್ಕೋಬಹುದು. ನಾನಂತೂ ಕೇಳಿದವರಿಗೆಲ್ಲ ಇದನ್ನೇ ಹೇಳ್ತೀನಿ.

ಸೋರಿಕೆ ಸುದ್ದಿ ಹೇಗೆ ಓದ್ಬೇಕು

ಲಾಂಚ್‌ಗೆ ಮುಂಚೆ ಬರೋ ಸುದ್ದಿಗಳೆಲ್ಲಕ್ಕೂ ಒಂದೇ ತೂಕ ಕೊಡ್ಬೇಡಿ. ಲಿನಕ್ಸ್ ಕರ್ನಲ್‌ಗೋ ಜಿಸಿಸಿ ಕಂಪೈಲರ್‌ಗೋ (ಕೋಡ್‌ನ ಪ್ರೊಸೆಸರ್ ಭಾಷೆಗೆ ಬದಲಾಯಿಸೋ ಪ್ರೋಗ್ರಾಮ್) ಕಂಪನಿಯ ಎಂಜಿನಿಯರ್‌ಗಳೇ ಕಳ್ಸಿರೋ ಪ್ಯಾಚ್, ಅಂದ್ರೆ ಕೋಡ್ ಬದಲಾವಣೆ ಇದ್ರೆ ಅದು ಗಟ್ಟಿ ಸುದ್ದಿ, ಯಾಕಂದ್ರೆ ಪ್ರೊಸೆಸರ್ ಮಾರ್ಕೆಟ್‌ಗೆ ಬರೋ ಹೊತ್ತಿಗೆ ಸಾಫ್ಟ್‌ವೇರ್ ರೆಡಿ ಇರ್ಬೇಕು ಅಂತ ಅವರೇ ಮುಂಚೆ ಬಿಡೋದು ಅದು. ಝೆನ್ 5ಗೆ (ರೈಜನ್ 9000ರ ಡಿಸೈನ್) ಜಿಸಿಸಿ ಸಪೋರ್ಟ್ 2024ರ ಶುರುವಿನಲ್ಲೇ ಬಂದಿತ್ತು, ಪ್ರೊಸೆಸರ್ ಬಂದಿದ್ದು ಆಗಸ್ಟ್‌ನಲ್ಲಿ. ಮದರ್‌ಬೋರ್ಡ್ ಕಂಪನಿಗಳ ಬಯಾಸ್ ಪೇಜ್‌ನಲ್ಲಿ ಮುಂದಿನ ಜನರೇಶನ್ ಸಪೋರ್ಟ್ ಅನ್ನೋ ಸಾಲು ಕಾಣಿಸಿದ್ರೆ ಅದೂ ಗಟ್ಟಿನೇ. ರೈಜನ್ 9000 ಸಮಯದಲ್ಲೂ ಲಾಂಚ್‌ಗೆ ತಿಂಗಳುಗಳ ಮುಂಚೇನೇ ಅಂಥ ಬಯಾಸ್ ಬಂದಿದ್ವು. ಗೀಕ್‌ಬೆಂಚ್ ಅನ್ನೋ ಸ್ಪೀಡ್ ಟೆಸ್ಟ್‌ನಲ್ಲಿ ಕಾಣಿಸೋ ಸ್ಕೋರ್ ಮಾತ್ರ ನೋಡಿ ಪಕ್ಕಕ್ಕಿಡಿ, ಅವು ಎಂಜಿನಿಯರಿಂಗ್ ಸ್ಯಾಂಪಲ್, ಅಂದ್ರೆ ಲಾಂಚ್‌ಗೆ ಮುಂಚಿನ ಪರೀಕ್ಷೆ ಪ್ರೊಸೆಸರ್ ಆಗಿರ್ತಾವೆ, ಕ್ಲಾಕ್ ಕಡಿಮೆ ಇರುತ್ತೆ, ಬಯಾಸ್ ಅರ್ಧಂಬರ್ಧ ಇರುತ್ತೆ.

ಕಂಪನಿಯವರು ಸ್ಟೇಜ್ ಮೇಲೆ ಹೇಳೋ ಪರ್ಸೆಂಟ್ ಸುಳ್ಳಾಗಿರಲ್ಲ, ಆದ್ರೆ ನಾವು ಮಾಡೋ ಕೆಲಸಕ್ಕೆ ಅಷ್ಟೇ ಸಿಗುತ್ತೆ ಅಂತ ಅಲ್ಲ. ಝೆನ್ 5ರಲ್ಲಿ ಸರಾಸರಿ 16% ಐಪಿಸಿ (ಒಂದು ಕ್ಲಾಕ್‌ಗೆ ಆಗೋ ಕೆಲಸ) ಏರಿಕೆ ಅಂದ್ರು, ರಿವ್ಯೂಗಳು ಬಂದಾಗ ಗೇಮ್‌ಗಳಲ್ಲಿ ರೈಜನ್ 9700ಎಕ್ಸ್‌ಗೂ ಹಳೇ 7700ಎಕ್ಸ್‌ಗೂ ವ್ಯತ್ಯಾಸ ಕೆಲವೇ ಪರ್ಸೆಂಟ್ ಇತ್ತು. ಅದೇ ವರ್ಷ ಇಂಟೆಲ್ ಕೋರ್ ಅಲ್ಟ್ರಾ 9 285ಕೆ ಬಂದಾಗ ವಿದ್ಯುತ್ ಬಳಕೆ ಚೆನ್ನಾಗೇ ಇಳೀತು, ಆದ್ರೆ ಎಷ್ಟೋ ಗೇಮ್‌ಗಳಲ್ಲಿ ಅದು ಹಳೇ 14900ಕೆಗಿಂತ ಹಿಂದೆ ಬಿತ್ತು. ಹಾಗಾಗಿ ಪ್ರೀ-ಆರ್ಡರ್ ಬೇಡವೇ ಬೇಡ. ನೀವು ದಿನಾ ಮಾಡೋ ಕೆಲಸ ಯಾವ್ದೋ, ವಿಡಿಯೋ ಎಡಿಟಿಂಗೋ ಕೋಡ್ ಕಂಪೈಲೋ ಗೇಮೋ, ಅದೇ ಕೆಲಸದ ಟೆಸ್ಟ್ ಇರೋ ಎರಡು ಮೂರು ರಿವ್ಯೂ ನೋಡೋವರೆಗೆ ದುಡ್ಡು ಜೇಬಲ್ಲೇ ಇರ್ಲಿ.

ಲಾಂಚ್ ದಿನ ಬರೋದು ಪೂರ್ತಿ ಲೈನಪ್ ಅಲ್ಲ

ಹೊಸ ಜನರೇಶನ್ ಯಾವತ್ತೂ ಒಂದೇ ದಿನ ಪೂರ್ತಿ ಬರಲ್ಲ, ಇದೊಂದು ಗೊತ್ತಿದ್ರೆ ಕಾಯೋ ಲೆಕ್ಕಾನೇ ಬದಲಾಗುತ್ತೆ. ಮೊದಲು ಬರೋದು ದುಬಾರಿ ಪ್ರೊಸೆಸರ್‌ಗಳು, ದುಬಾರಿ ಬೋರ್ಡ್‌ಗಳು. ಇಂಟೆಲ್ ಝಡ್690 ಬಂದಿದ್ದು 2021ರ ನವೆಂಬರ್, ಸಾಮಾನ್ಯರು ತಗೋಳೋ ಬಿ660 ಬಂದಿದ್ದು 2022ರ ಜನವರಿ. ಝಡ್790 ಅಕ್ಟೋಬರ್ 2022, ಬಿ760 ಜನವರಿ 2023. ಝಡ್890 ಅಕ್ಟೋಬರ್ 2024, ಬಿ860 ಜನವರಿ 2025. ಎಎಂಡಿಯಲ್ಲಿ ಎಕ್ಸ್670 ಬಂದ ಮುಂದಿನ ತಿಂಗಳು ಬಿ650 ಬಂತು, ರೈಜನ್ 9000 ಆಗಸ್ಟ್‌ನಲ್ಲಿ ಬಂದ್ರೂ ಎಕ್ಸ್870 ಬೋರ್ಡ್ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ, ಬಿ850 ಮುಂದಿನ ಜನವರಿಗೆ. ಗೇಮಿಂಗ್‌ಗೆ ಹೇಳಿ ಮಾಡಿಸಿದ ಎಕ್ಸ್3ಡಿ ಪ್ರೊಸೆಸರ್‌ಗಳೂ ಅಷ್ಟೇ, 7000 ಸರಣಿ ಶುರುವಾಗಿ ಆರೇಳು ತಿಂಗಳಿಗೆ 2023ರ ಏಪ್ರಿಲ್‌ನಲ್ಲಿ 7800ಎಕ್ಸ್3ಡಿ ಬಂತು, 9000 ಸರಣಿಯಲ್ಲಿ ಸುಮಾರು ಮೂರು ತಿಂಗಳಿಗೆ 2024ರ ನವೆಂಬರ್‌ನಲ್ಲಿ 9800ಎಕ್ಸ್3ಡಿ ಬಂತು. ನಿಮ್ಗೆ ಬೇಕಾಗಿರೋದು ಮಿಡ್‌ರೇಂಜ್ ಪ್ರೊಸೆಸರ್ ಪ್ಲಸ್ ಬಿ ಸರಣಿ ಬೋರ್ಡ್ ಆದ್ರೆ ಲಾಂಚ್ ತಾರೀಖಿನ ಮೇಲೆ ಎರಡು ಮೂರು ತಿಂಗಳು ಸೇರಿಸಿ ಲೆಕ್ಕ ಹಾಕಿ, ಅಷ್ಟು ದಿನ ಈಗಿನ ಪಿಸಿ ತಳ್ಳುತ್ತಾ ಅಂತ ಯೋಚನೆ ಮಾಡಿ. ತಳ್ಳಲ್ಲ ಅಂದ್ರೆ ಕಾಯೋದ್ರಲ್ಲಿ ಅರ್ಥ ಇಲ್ಲ, ಈಗಿನ ಜನರೇಶನ್ನೇ ತಗೊಳ್ಳಿ.

ಸ್ವಲ್ಪ ತಡ ಮಾಡೋದಕ್ಕೆ ಬೆಲೆ ಬಿಟ್ಟು ಇನ್ನೊಂದು ಕಾರಣಾನೂ ಇದೆ. 2023ರ ಏಪ್ರಿಲ್‌ನಲ್ಲಿ ಎಎಂ5 ಬೋರ್ಡ್‌ಗಳ ಮೇಲೆ ಕೆಲವು 7800ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟು ಸಾಕೆಟ್ ಸಮೇತ ಹೋದ್ವು, ಎಕ್ಸ್‌ಪೋ (ಮೆಮೊರಿಯನ್ನ ಪೂರ್ತಿ ಸ್ಪೀಡ್‌ನಲ್ಲಿ ಓಡಿಸೋ ಬಯಾಸ್ ಸೆಟ್ಟಿಂಗ್) ಆನ್ ಮಾಡಿದಾಗ ಪ್ರೊಸೆಸರ್‌ನ ಮೆಮೊರಿ ನೋಡ್ಕೊಳ್ಳೋ ಭಾಗಕ್ಕೆ ಹೋಗೋ ಎಸ್‌ಒಸಿ ವೋಲ್ಟೇಜ್ ಜಾಸ್ತಿ ಹೋಗ್ತಿತ್ತು, ಆಮೇಲೆ ಎಎಂಡಿ ಅದನ್ನ 1.3 ವೋಲ್ಟ್‌ಗೆ ಮಿತಿ ಹಾಕಿ ಬಯಾಸ್ ಬಿಡಿಸ್ತು. ಇಂಟೆಲ್ 13 ಮತ್ತು 14ನೇ ಜನರೇಶನ್‌ನಲ್ಲಿ ಪ್ರೊಸೆಸರ್ ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳ್ಕೊಂಡು ಕಾಲಕ್ರಮೇಣ ಹಾಳಾಗೋ ಸಮಸ್ಯೆ 2024ರಲ್ಲಿ ದೊಡ್ಡ ಸುದ್ದಿ ಆಯ್ತು, ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನೋ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರೋ ಪ್ರೊಸೆಸರ್ ಕೋಡ್) ಬಂತು, ವಾರಂಟಿ ಎರಡು ವರ್ಷ ಮುಂದಕ್ಕೆ ಹಾಕಿ ಒಟ್ಟು ಐದು ವರ್ಷ ಮಾಡಿದ್ರು. ಸೆಕೆಂಡ್ ಹ್ಯಾಂಡ್ ಎಲ್‌ಜಿಎ 1700 ಸೆಟ್ ನೋಡ್ತಿರೋರು ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮೈಕ್ರೋಕೋಡ್ ಮುಂದೆ ಆಗೋ ಹಾನಿ ತಡೆಯುತ್ತೆ, ಆಗಿ ಹೋಗಿರೋದನ್ನ ಸರಿ ಮಾಡಲ್ಲ, ಮಾರೋರು ಬಯಾಸ್ ಯಾವಾಗ ಅಪ್‌ಡೇಟ್ ಮಾಡಿದ್ರು ಅಂತ ಕೇಳ್ಲೇಬೇಕು.

ಬೋರ್ಡ್ ಆರಿಸೋದು

ಹೆಸರಲ್ಲಿರೋ ನಂಬರ್ ದೊಡ್ಡದಾದ್ರೆ ಬೋರ್ಡ್ ಒಳ್ಳೇದು ಅಂತ ತಿಳ್ಕೋಬೇಡಿ. ಎಕ್ಸ್670ಇ ಬೋರ್ಡ್‌ನಲ್ಲಿ ಎರಡು ಚಿಪ್‌ಸೆಟ್ ಚಿಪ್ ಇರ್ತಾವೆ, ಅದಾದ್ಮೇಲೆ ಬಂದ ಎಕ್ಸ್870ರಲ್ಲಿ ಇರೋದು ಅದೇ ಚಿಪ್, ಆದ್ರೆ ಒಂದೇ ಒಂದು, ಜೊತೆಗೆ ಯುಎಸ್‌ಬಿ4 ಕಡ್ಡಾಯ ಮಾಡಿದಾರೆ. ಅಂದ್ರೆ ಸ್ಲಾಟ್, ಡ್ರೈವ್ ಜಾಸ್ತಿ ಬೇಕು ಅನ್ನೋರಿಗೆ ಹಳೇ ಎಕ್ಸ್670ಇ ಬೋರ್ಡೇ ಎಷ್ಟೋ ಸಲ ಹೆಚ್ಚು ಕೊಡುತ್ತೆ. ಬಿ840 ಅಂತ ಒಂದಿದೆ, ಹೆಸರು ನೋಡಿದ್ರೆ ಬಿ850ರ ತಮ್ಮ ಅನ್ಸುತ್ತೆ, ಆದ್ರೆ ಅದ್ರಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ (ನಿಗದಿಗಿಂತ ಜಾಸ್ತಿ ಸ್ಪೀಡ್‌ನಲ್ಲಿ ಓಡಿಸೋದು) ಇಲ್ಲ, ಚಿಪ್‌ಸೆಟ್ ಲೇನ್‌ಗಳು (ಕಾರ್ಡ್, ಎಸ್‌ಎಸ್‌ಡಿಗೆ ಡೇಟಾ ಹೋಗೋ ದಾರಿಗಳು) ಹಳೇ ಪಿಸಿಐಇ 3.0 ಮಾತ್ರ. ಹೊಸ ಜನರೇಶನ್ ಬಂದಾಗ್ಲೂ ಹೀಗೇ ಹೆಸರು ಕಲಸಿ ಹೋಗಿರುತ್ತೆ, ಚಿಪ್‌ಸೆಟ್ ಪಟ್ಟಿ ತೆಗೆದು ಲೇನ್, ಯುಎಸ್‌ಬಿ, ಓವರ್‌ಕ್ಲಾಕ್ ಮೂರು ಕಾಲಂ ನೋಡಿ.

ಲೇನ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಬೋರ್ಡ್ ತಗೊಂಡ್ಮೇಲೆ ಹೆಚ್ಚು ಜನಕ್ಕೆ ಬೇಜಾರಾಗೋದು ಇದ್ರಿಂದಾನೇ. ರೈಜನ್ 7000, 9000 ಪ್ರೊಸೆಸರ್‌ನಿಂದ ನೇರವಾಗಿ 28 ಪಿಸಿಐಇ ಲೇನ್ ಬರ್ತಾವೆ, 4 ಚಿಪ್‌ಸೆಟ್‌ಗೆ ಹೋಗಿ ಉಳಿಯೋದು 24. ಅದ್ರಲ್ಲಿ 16 ಗ್ರಾಫಿಕ್ಸ್ ಕಾರ್ಡ್‌ಗೆ, 4 ಮೊದಲ ಎಂ.2 ಎಸ್‌ಎಸ್‌ಡಿಗೆ, ಇನ್ನು 4 ಬೋರ್ಡ್ ಕಂಪನಿ ಇಷ್ಟ. ಎಕ್ಸ್870 ಬೋರ್ಡ್‌ಗಳಲ್ಲಿ ಆ ಕೊನೇ 4 ಲೇನ್ ಯುಎಸ್‌ಬಿ4ಗೆ ಹೋಗುತ್ತೆ, ಆಮೇಲೆ ಎರಡನೇ ಸ್ಪೀಡ್ ಎಂ.2 ಸ್ಲಾಟ್‌ಗೆ ಲೇನ್ ಎಲ್ಲಿಂದ ತರ್ತಾರೆ? ಒಂದಾ ಯುಎಸ್‌ಬಿ4 ಜೊತೆ ಹಂಚ್ಕೋತಾರೆ, ಇಲ್ಲಾ ಗ್ರಾಫಿಕ್ಸ್ ಸ್ಲಾಟ್‌ನ 16ರಲ್ಲಿ ಕಿತ್ಕೋತಾರೆ, ಆ ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದ ತಕ್ಷಣ ಗ್ರಾಫಿಕ್ಸ್ ಕಾರ್ಡ್ 8 ಲೇನ್‌ಗೆ ಇಳಿಯುತ್ತೆ. ಇದೆಲ್ಲ ಬಾಕ್ಸ್ ಮೇಲೆ ಬರೆದಿರಲ್ಲ, ಮ್ಯಾನುಯಲ್‌ನಲ್ಲಿ ಸ್ಟೋರೇಜ್ ಪುಟದ ಕೆಳಗೆ ಸ್ಟಾರ್ ಹಾಕಿ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ. ಬೋರ್ಡ್ ತಗೋಳೋಕೆ ಮುಂಚೆ ಮ್ಯಾನುಯಲ್ ಪಿಡಿಎಫ್ ಡೌನ್‌ಲೋಡ್ ಮಾಡಿ ಆ ಒಂದು ಪುಟ ಓದಿ, ನಿಮ್ಮ ಹತ್ರ ಇರೋ ಡ್ರೈವ್‌ಗಳನ್ನ ಯಾವ ಯಾವ ಸ್ಲಾಟ್‌ಗೆ ಹಾಕ್ತೀರಾ ಅಂತ ಪೇಪರ್ ಮೇಲೆ ಬರ್ಕೊಳ್ಳಿ. ಇನ್ನೊಂದು, 8700ಜಿ ಥರದ, ದೊಡ್ಡ ಗ್ರಾಫಿಕ್ಸ್ ಒಳಗೇ ಇರೋ ಜಿ ಪ್ರೊಸೆಸರ್ ತಗೊಂಡು ಆಮೇಲೆ ಗ್ರಾಫಿಕ್ಸ್ ಕಾರ್ಡ್ ಹಾಕೋ ಯೋಚನೆ ಇದ್ರೆ, ಅದ್ರಲ್ಲಿ ಕಾರ್ಡ್‌ಗೆ ಸಿಗೋದೇ 8 ಲೇನ್, ಬೋರ್ಡ್ ಎಷ್ಟೇ ಒಳ್ಳೇದಿದ್ರೂ.

ವಿಆರ್‌ಎಂ ಅಂದ್ರೆ ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡೋ ಭಾಗ, ಸಾಕೆಟ್ ಸುತ್ತ ಹೀಟ್‌ಸಿಂಕ್ ಕೆಳಗೆ ಇರುತ್ತೆ. ಇಲ್ಲಿ ಬಾಕ್ಸ್ ಮೇಲಿನ ಟಿಡಿಪಿ (ಕಂಪನಿ ಹೇಳೋ ವ್ಯಾಟ್ ಲೆಕ್ಕ) ನೋಡಿ ಮೋಸ ಹೋಗ್ಬೇಡಿ, ಎಎಂ5ರಲ್ಲಿ 170 ವ್ಯಾಟ್ ಟಿಡಿಪಿ ಪ್ರೊಸೆಸರ್ ನಿಜವಾಗಿ 230 ವ್ಯಾಟ್‌ವರೆಗೆ ಎಳೆಯುತ್ತೆ, 105 ಅಂದಿದ್ದು 142, 65 ಅಂದಿದ್ದು 88. 14900ಕೆ ಬೇಸ್ 125 ವ್ಯಾಟ್, ಟರ್ಬೋ 253. ಮುಂದಿನ ಜನರೇಶನ್‌ನಲ್ಲಿ ದೊಡ್ಡ ಪ್ರೊಸೆಸರ್ ಹಾಕೋ ಆಸೆ ಇದ್ರೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್ ಬೇಡ, 65 ವ್ಯಾಟ್‌ದಲ್ಲೇ ಇರ್ತೀನಿ ಅಂದ್ರೆ ವಿಆರ್‌ಎಂ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ.

ರ‍್ಯಾಮ್

ಎಎಂ5 ಮತ್ತು ಎಲ್‌ಜಿಎ 1851 ಎರಡರಲ್ಲೂ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡೂ ಇತ್ತು ಡಿಡಿಆರ್5 ಬೋರ್ಡೂ ಇತ್ತು, ಮಾಡೆಲ್ ಹೆಸರಿನ ಕೊನೆಗೆ ಡಿ4 ಅಂತ ಇರೋದೊಂದೇ ವ್ಯತ್ಯಾಸ ಎಷ್ಟೋ ಕಡೆ, ಹಳೇದು ತಗೋಳೋರು ಇದನ್ನ ನೋಡ್ಕೊಳ್ಳಿ. ಎರಡರದ್ದೂ 288 ಪಿನ್ನೇ, ಆದ್ರೆ ಮಧ್ಯದ ಕಚ್ಚು ಬೇರೆ ಜಾಗದಲ್ಲಿ ಇರೋದ್ರಿಂದ ಒಂದರ ಸ್ಲಾಟ್‌ಗೆ ಇನ್ನೊಂದು ಕೂರಲ್ಲ, ಒತ್ತಿ ಕೂರಿಸೋಕೆ ಹೋಗ್ಬೇಡಿ.

ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಹಾಕೋದನ್ನ ಆದಷ್ಟು ತಪ್ಪಿಸಿ. ರೈಜನ್ 7000ಕ್ಕೆ ಎಎಂಡಿ ಅಧಿಕೃತವಾಗಿ ಹೇಳೋ ಸ್ಪೀಡ್ ಎರಡು ಸ್ಟಿಕ್‌ಗೆ 5200, ನಾಲ್ಕು ಸ್ಟಿಕ್‌ಗೆ 3600. ಈಗ ಎರಡು ಹಾಕಿ ಆಮೇಲೆ ಇನ್ನೆರಡು ಸೇರಿಸ್ತೀನಿ ಅನ್ನೋ ಡಿಡಿಆರ್4 ಕಾಲದ ಅಭ್ಯಾಸ ಇಲ್ಲಿ ಕೈ ಕೊಡುತ್ತೆ, 32 ಜಿಬಿ ಬೇಕಾ 64 ಬೇಕಾ ಅಂತ ಮೊದಲೇ ತೀರ್ಮಾನ ಮಾಡಿ ಎರಡೇ ಸ್ಟಿಕ್‌ನಲ್ಲಿ ತಗೊಳ್ಳಿ. ಎಎಂ5ಗೆ 6000 ಸ್ಪೀಡ್ ಎಕ್ಸ್‌ಪೋ ಕಿಟ್ ಸಾಕು, ಅದಕ್ಕಿಂತ ಮೇಲಿನದ್ದಕ್ಕೆ ದುಡ್ಡು ಸುರಿಯೋದು ಬೇಡ. ಬೆಲೆ ಬಗ್ಗೆ ಹೇಳ್ಬೇಕು ಅಂದ್ರೆ, 2025ರ ಕೊನೆ ತಿಂಗಳುಗಳಲ್ಲಿ ಎಐ ಸರ್ವರ್‌ಗಳಿಗೆ ಮೆಮೊರಿ ಎಲ್ಲ ಹೋಗ್ತಿದ್ದಂತೆ ಡಿಡಿಆರ್5 ಬೆಲೆ ಎರಡು ಪಟ್ಟಿಗೂ ಮೀರಿ ಏರಿತು. ಪ್ರೊಸೆಸರ್ ಬೆಲೆ ಹೊಸ ಜನರೇಶನ್ ಬಂದಾಗ ಇಳಿಯುತ್ತೆ ಅಂತ ಕಾಯಬಹುದು, ರ‍್ಯಾಮ್ ಬೆಲೆಗೂ ಪ್ರೊಸೆಸರ್ ಲಾಂಚ್‌ಗೂ ಅಂಥ ಸಂಬಂಧ ಇಲ್ಲ. ಈಗಾಗ್ಲೇ ಡಿಡಿಆರ್5 ಕಿಟ್ ಇದ್ರೆ ಅದನ್ನ ಉಳಿಸ್ಕೊಂಡು ಮುಂದಿನ ಬೋರ್ಡ್‌ಗೆ ಹಾಕೋದು ಒಳ್ಳೇ ದಾರಿ, ಬೋರ್ಡ್ ಕಂಪನಿಯ ಮೆಮೊರಿ ಪಟ್ಟಿಯಲ್ಲಿ ಆ ಕಿಟ್ ಪಾರ್ಟ್ ನಂಬರ್ ಇದೆಯಾ ಅಂತ ಮಾತ್ರ ನೋಡಿ.

ಸಪೋರ್ಟ್ ಪಟ್ಟಿ ಮತ್ತು ಬಯಾಸ್ ಫ್ಲ್ಯಾಶ್‌ಬ್ಯಾಕ್

ಬೋರ್ಡ್ ಹೊಸ ಪ್ರೊಸೆಸರ್‌ಗೆ ಸಪೋರ್ಟ್ ಮಾಡುತ್ತೆ ಅನ್ನೋದು ಬೇರೆ, ನಿಮ್ಮ ಕೈಗೆ ಬಂದ ಬಾಕ್ಸ್‌ನಲ್ಲಿರೋ ಬೋರ್ಡ್ ಆವತ್ತೇ ಆನ್ ಆಗುತ್ತೆ ಅನ್ನೋದು ಬೇರೆ. ಗೋಡೌನ್‌ನಲ್ಲಿ ಒಂದು ವರ್ಷ ಕೂತಿದ್ದ ಬಿ650 ಬೋರ್ಡ್‌ನಲ್ಲಿ ಹಳೇ ಬಯಾಸೇ ಇರುತ್ತೆ, ಹೊಸ ಪ್ರೊಸೆಸರ್ ಹಾಕಿದ್ರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪಾಗೇ ಇರುತ್ತೆ. 2018ರಲ್ಲಿ ರೈಜನ್ 2000ಜಿ ಬಂದಾಗ ಈ ತೊಂದರೆ ಎಷ್ಟಿತ್ತು ಅಂದ್ರೆ ಅಪ್‌ಡೇಟ್ ಮಾಡ್ಕೊಳ್ಳೋಕೆ ಅಂತಾನೇ ಎಎಂಡಿ ಜನಕ್ಕೆ ಒಂದು ಪ್ರೊಸೆಸರ್ ಸಾಲ ಕೊಡೋ ವ್ಯವಸ್ಥೆ ಮಾಡಿತ್ತು.

ಬೋರ್ಡ್ ಕಂಪನಿ ಸೈಟ್‌ನಲ್ಲಿ ನಿಮ್ಮ ಮಾಡೆಲ್ ಪೇಜ್‌ಗೆ ಹೋಗಿ ಸಪೋರ್ಟ್ ಭಾಗದಲ್ಲಿ ಸಿಪಿಯು ಪಟ್ಟಿ ತೆಗೀರಿ. ಪ್ರತಿ ಪ್ರೊಸೆಸರ್ ಮುಂದೆ ಯಾವ ಬಯಾಸ್ ವರ್ಶನ್‌ನಿಂದ ಅಂತ ಒಂದು ಕಾಲಂ ಇರುತ್ತೆ, ಅದನ್ನ ಬರ್ಕೊಳ್ಳಿ. ಮಾಡೆಲ್ ಹೆಸರು ಅಕ್ಷರ ಅಕ್ಷರ ಹೊಂದ್ಬೇಕು, ವೈಫೈ ಇರೋದು ಇಲ್ಲದ್ದು, ರಿವಿಶನ್ 1.0, 1.1 ಇವಕ್ಕೆಲ್ಲ ಬಯಾಸ್ ಬೇರೆ ಬೇರೆ ಇರಬಹುದು, ರಿವಿಶನ್ ನಂಬರ್ ಬೋರ್ಡ್ ಮೇಲೇ ಪ್ರಿಂಟ್ ಆಗಿರುತ್ತೆ.

ನಾನು ಬೋರ್ಡ್ ಆರಿಸೋವಾಗ ಬಿಟ್ಟುಕೊಡದ ಒಂದೇ ಫೀಚರ್ ಅಂದ್ರೆ ಬಯಾಸ್ ಫ್ಲ್ಯಾಶ್‌ಬ್ಯಾಕ್. ಹಿಂದೆ ಪೋರ್ಟ್‌ಗಳ ಸಾಲಿನಲ್ಲಿ ಒಂದು ಸಣ್ಣ ಬಟನ್ ಇರುತ್ತೆ, ಪ್ರೊಸೆಸರ್ ಇಲ್ಲದೇನೇ ಬಯಾಸ್ ಹಾಕಬಹುದು. ಕಂಪನಿಗೊಂದು ಹೆಸರು ಇಟ್ಟಿದಾರೆ, ಕೆಲಸ ಒಂದೇ. ಮೊದಲು ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯಾಸ್ ಜಿಪ್ ಫೈಲ್ ಬಿಚ್ಚಿ ಒಳಗಿನ ಫೈಲ್ ಒಂದನ್ನೇ ಹಾಕಿ, ಹೆಸರು ಬದಲಾಯಿಸಿ. ಎಂಎಸ್‌ಐ ಬೋರ್ಡ್ ಆದ್ರೆ ಎಂಎಸ್‌ಐ ಡಾಟ್ ರೋಮ್, ಗಿಗಾಬೈಟ್ ಆದ್ರೆ ಗಿಗಾಬೈಟ್ ಡಾಟ್ ಬಿನ್, ಆಸುಸ್‌ನವರು ಜಿಪ್ ಜೊತೆ ಹೆಸರು ಬದಲಾಯಿಸೋ ಪುಟ್ಟ ಪ್ರೋಗ್ರಾಮ್ ಕೊಡ್ತಾರೆ. ಫೈಲ್ ಎಕ್ಸ್‌ಟೆನ್ಶನ್ ಕಾಣಿಸ್ದೇ ಇರೋ ಸೆಟ್ಟಿಂಗ್ ಇದ್ರೆ ಹೆಸರಿನ ಕೊನೆಗೆ ಎರಡೆರಡು ಎಕ್ಸ್‌ಟೆನ್ಶನ್ ಸೇರಿಬಿಡುತ್ತೆ, ಆಗ ಬೋರ್ಡ್ ಫೈಲ್ ಕಂಡುಹಿಡಿಯಲ್ಲ, ಎಕ್ಸ್‌ಟೆನ್ಶನ್ ಕಾಣಿಸೋ ಹಾಗೆ ಮೊದಲು ಮಾಡ್ಕೊಳ್ಳಿ. ಆಮೇಲೆ ಬೋರ್ಡ್‌ಗೆ 24 ಪಿನ್ ಮತ್ತು 8 ಪಿನ್ ಪವರ್ ಕೇಬಲ್ ಚುಚ್ಚಿ, ಪೆನ್‌ಡ್ರೈವ್‌ನ ಫ್ಲ್ಯಾಶ್‌ಗೆ ಅಂತ ಗುರುತು ಮಾಡಿರೋ ಯುಎಸ್‌ಬಿ ಪೋರ್ಟ್‌ಗೇ ಹಾಕಿ, ಬೇರೆ ಪೋರ್ಟ್‌ಗೆ ಹಾಕಿದ್ರೆ ಏನೂ ಆಗಲ್ಲ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಸ್ವಿಚ್ ಆನ್ ಮಾಡಿ ಆ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡೀರಿ, ಪಕ್ಕದ ಲೈಟ್ ಮಿನುಗೋಕೆ ಶುರುವಾದ್ರೆ ಬಿಟ್ಟುಬಿಡಿ. ಕೆಲವು ನಿಮಿಷ ತಗೊಳುತ್ತೆ, ಲೈಟ್ ಮಿನುಗೋದು ತಾನಾಗೇ ನಿಲ್ಲೋವರೆಗೆ ಕರೆಂಟ್ ತೆಗೀಬೇಡಿ, ಪೆನ್‌ಡ್ರೈವ್ ಮುಟ್ಟಬೇಡಿ. ಒಂದೆರಡು ಸೆಕೆಂಡ್ ಮಿನುಗಿ ಸುಮ್ಮನೆ ನಿಂತ್ರೆ, ಇಲ್ಲಾ ಒಂದೇ ಸಮ ಉರೀತಿದ್ರೆ ಫೈಲ್ ಸಿಕ್ಕಿಲ್ಲ ಅಂತ ಅರ್ಥ, ಹೆಸರು ಮತ್ತೆ ನೋಡಿ, ಹಳೇ ಸಣ್ಣ ಪೆನ್‌ಡ್ರೈವ್ ಇದ್ರೆ ಅದ್ರಲ್ಲಿ ಟ್ರೈ ಮಾಡಿ.

ಈಗಿರೋ ಪಿಸಿಯಲ್ಲೇ ಬಯಾಸ್ ಅಪ್‌ಡೇಟ್ ಮಾಡಿ ಪ್ರೊಸೆಸರ್ ಮಾತ್ರ ಬದಲಾಯಿಸೋರು ಹಳೇ ಪ್ರೊಸೆಸರ್ ತೆಗೆಯೋಕೆ ಮುಂಚೇನೇ ಅಪ್‌ಡೇಟ್ ಮುಗಿಸ್ಕೊಳ್ಳಿ. ಮತ್ತೆ ವಿಂಡೋಸ್‌ನಲ್ಲಿ ಡ್ರೈವ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ. ಪ್ರೊಸೆಸರ್ ಬದಲಾದ್ರೆ ಅದರೊಳಗಿನ ಟಿಪಿಎಂ (ಆ ಬೀಗದ ಕೀ ಕಾಪಾಡೋ ಭಾಗ) ಬದಲಾಗುತ್ತೆ, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತೆ, ಅದಿಲ್ಲಾಂದ್ರೆ ಡ್ರೈವ್‌ನಲ್ಲಿರೋದೆಲ್ಲ ಹೋದ ಹಾಗೆ. ಕೀ ಬರ್ಕೊಂಡು, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ ಆಮೇಲೆ ಕೆಲಸಕ್ಕೆ ಕೈ ಹಾಕಿ. ಬೋರ್ಡೇ ಬದಲಾಗೋದಾದ್ರೆ ವಿಂಡೋಸ್ ಲೈಸೆನ್ಸ್‌ನ ಮೈಕ್ರೋಸಾಫ್ಟ್ ಅಕೌಂಟ್‌ಗೆ ಮೊದಲೇ ಲಿಂಕ್ ಮಾಡಿ.

ಕೂಲರ್ ಮತ್ತು ಕೂರಿಸೋದು

ಎಎಂ4 ಕೂಲರ್‌ಗಳಲ್ಲಿ ಬೋರ್ಡ್‌ನದೇ ಹಿಂದಿನ ಪ್ಲೇಟ್ ಬಳಸೋವು ಎಎಂ5ಗೂ ಆಗ್ತಾವೆ, ತಮ್ಮದೇ ಬ್ಯಾಕ್‌ಪ್ಲೇಟ್ ಇರೋವು ಆಗಲ್ಲ, ಯಾಕಂದ್ರೆ ಎಎಂ5ರಲ್ಲಿ ಆ ಪ್ಲೇಟ್ ಸಾಕೆಟ್ ಜೊತೆ ಸೇರಿಕೊಂಡಿದೆ, ಬಿಚ್ಚೋ ಹಾಗಿಲ್ಲ. ಇಂಟೆಲ್‌ನಲ್ಲಿ ಎಲ್‌ಜಿಎ 1151, 1200ರಲ್ಲಿ ತೂತುಗಳ ಅಂತರ 75 ಮಿಲಿಮೀಟರ್, 1700ರಿಂದ 78 ಆಯ್ತು, 1851ರಲ್ಲೂ ಅದೇ. ಹೊಸ ಸಾಕೆಟ್ ಬಂದ್ರೆ ಕೂಲರ್ ಕಂಪನಿ ಸೈಟ್‌ನಲ್ಲಿ ಕಿಟ್ ಇದೆಯಾ ನೋಡಿ, ಕೆಲವರು ಬಿಲ್ ತೋರಿಸಿದ್ರೆ ಉಚಿತವಾಗಿ ಕಳಿಸ್ತಾರೆ.

ಎಎಂ4ರಲ್ಲಿ ಪಿನ್ ಪ್ರೊಸೆಸರ್ ಕಡೆ ಇತ್ತು, ಕೂಲರ್ ಎಳೆದ್ರೆ ಪೇಸ್ಟ್‌ಗೆ ಅಂಟ್ಕೊಂಡು ಪ್ರೊಸೆಸರ್ ಲಾಕ್ ಹಾಕಿದ್ರೂ ಎದ್ದು ಬರ್ತಿತ್ತು, ಅದಕ್ಕೇ ಹಳೇ ಪಿಸಿ ಬಿಚ್ಚೋಕೆ ಮುಂಚೆ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಕೂಲರ್‌ನ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ತೆಗೀರಿ. ಎಎಂ5ರಲ್ಲಿ, ಇಂಟೆಲ್‌ನಲ್ಲಿ ಪಿನ್ ಬೋರ್ಡ್ ಕಡೆ, ಕೂದಲಿನಷ್ಟು ಸಣ್ಣ, ಒಂದು ಬಗ್ಗಿದ್ರೂ ರ‍್ಯಾಮ್ ಚಾನೆಲ್ ಹೋಗಬಹುದು. ಪ್ರೊಸೆಸರ್ ಮೂಲೆಯ ತ್ರಿಕೋನ ಗುರುತು ಹೊಂದಿಸಿ ನೇರ ಇಳಿಬಿಡಿ, ಮೇಲಿಂದ ಒತ್ತಬೇಡಿ, ಪ್ಲಾಸ್ಟಿಕ್ ಮುಚ್ಚಳ ಲಿವರ್ ಹಾಕೋವಾಗ ತಾನೇ ಹಾರಿ ಬರುತ್ತೆ. ಆ ಮುಚ್ಚಳ ಬಿಸಾಡ್ಬೇಡಿ, ಬೋರ್ಡ್ ವಾರಂಟಿಗೆ ಕಳ್ಸೋವಾಗ ಅದು ಇಲ್ಲಾಂದ್ರೆ ವಾಪಸ್ ಕಳಿಸಬಹುದು.

ಮೊದಲ ಸಲ ಆನ್ ಮಾಡಿದಾಗ

ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ಮೆಮೊರಿ ಟ್ರೈನಿಂಗ್ ಮಾಡುತ್ತೆ, ಅಂದ್ರೆ ಪ್ರತಿ ಸ್ಟಿಕ್‌ಗೆ ಯಾವ ಟೈಮಿಂಗ್ ಹೊಂದುತ್ತೆ ಅಂತ ತಾನೇ ಪರೀಕ್ಷೆ ಮಾಡ್ಕೊಳುತ್ತೆ. ಎಎಂ5ರಲ್ಲಿ ಇದಕ್ಕೆ ಕೆಲವು ನಿಮಿಷಾನೇ ಹಿಡಿಯಬಹುದು, ಸ್ಕ್ರೀನ್ ಕಪ್ಪು, ಡಿರ‍್ಯಾಮ್ ಲೈಟ್ ಉರೀತಿರುತ್ತೆ, ಒಂದೆರಡು ಸಲ ತಾನೇ ರೀಸ್ಟಾರ್ಟ್ ಕೂಡ ಆಗುತ್ತೆ. ಗಾಬರಿ ಬಿದ್ದು ಪವರ್ ತೆಗೆದ್ರೆ ಮತ್ತೆ ಮೊದಲಿಂದ ಶುರು. ಹತ್ತು ಹದಿನೈದು ನಿಮಿಷ ಬಿಡಿ, ಅದಾದ್ಮೇಲೂ ಬರ್ದಿದ್ರೆ ಒಂದೇ ಸ್ಟಿಕ್ ಹಾಕಿ ನೋಡಿ, ಪ್ರೊಸೆಸರ್‌ನಿಂದ ಎಣಿಸಿದ್ರೆ ಎರಡನೇ ಸ್ಲಾಟ್‌ಗೆ.

ಬೂಟ್ ಆದ್ಮೇಲೆ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ, ಅದಿಲ್ಲದೆ ರ‍್ಯಾಮ್ 4800 ಅಥವಾ 5600ರಲ್ಲೇ ಓಡ್ತಿರುತ್ತೆ. ರಾತ್ರಿ ಪೂರ್ತಿ ಮೆಮೊರಿ ಟೆಸ್ಟ್ ಓಡಿಸಿ, ಒಂದೇ ಒಂದು ಎರರ್ ಬಂದ್ರೂ ಸ್ಪೀಡ್ ಒಂದು ಮೆಟ್ಟಿಲು ಇಳಿಸಿ ಮತ್ತೆ ಓಡಿಸಿ. ಹಳೇ ಪ್ರೊಸೆಸರ್ ಮಾರೋ ಪ್ಲ್ಯಾನ್ ಇದ್ರೆ ಹೊಸದು ಎರಡು ಮೂರು ವಾರ ನಿಮ್ಮ ನಿಜವಾದ ಕೆಲಸದಲ್ಲಿ ಕ್ರ್ಯಾಶ್ ಇಲ್ಲದೆ ಓಡೋವರೆಗೆ ಕೈಯಲ್ಲೇ ಇಟ್ಕೊಳ್ಳಿ, ತೊಂದರೆ ಬಂದಾಗ ಬೋರ್ಡ್‌ದೋ ಪ್ರೊಸೆಸರ್‌ದೋ ಅಂತ ಕಂಡುಹಿಡಿಯೋಕೆ ಅದನ್ನ ಹಾಕಿ ನೋಡೋದಕ್ಕಿಂತ ಬೇಗ ಆಗೋ ದಾರಿ ಇಲ್ಲ.